ಲಡ್ಲೋಗೆ ಹೋಗುವುದಾದರೆ ಸಂತೆಯ ದಿನವೇ ಹೋಗಿ: ಬ್ರಿಟನ್ನಿನ ಕನ್ನಡ ಸಂಘಗಳಿಗೆ ಒಂದು ಬಹಿರಂಗ ಪತ್ರ

ಬ್ರಿಟನ್ನಿನ ಕನ್ನಡ ಸಂಘಗಳ ಪದಾಧಿಕಾರಿಗಳಿಗೆ, ಹಾಗೂ ಕರ್ನಾಟಕದಿಂದ ಅಲ್ಲಿಗೆ ಪ್ರವಾಸಿಗರನ್ನು ಕರೆದೊಯ್ಯುವ ಸಂಸ್ಥೆಗಳವರಿಗೆ ನಮಸ್ಕಾರ.

ಟಿಪ್ಪು ಸುಲ್ತಾನನ ಡೇರೆ ಇರುವ ಪೋವಿಸ್ ಕೋಟೆಗೆಂದು ಬ್ರಿಸ್ಟಲ್, ಕಾರ್ಡಿಫ್ ಕಡೆಯಿಂದ ಹೊರಟವರಿಗೆ ಎ49 ರಸ್ತೆಯಲ್ಲಿ ಸಿಗುವ ಊರು ಲಡ್ಲೋ. ಶ್ರಾಪ್‌ಶೈರ್‌ನ ದಕ್ಷಿಣ ತುದಿಯಲ್ಲಿ, ವೇಲ್ಸ್ ಗಡಿಯ ಹತ್ತಿರ, ಟೀಮ್ ನದಿ ಬಳಸಿಕೊಂಡು ಹರಿಯುವ ದಿಬ್ಬದ ಮೇಲಿದೆ. ಜನಸಂಖ್ಯೆ ಸುಮಾರು ಹತ್ತು ಸಾವಿರ. ಇಂಥ ಊರಿಗೆ ಪ್ರವಾಸದ ಪಟ್ಟಿಯಲ್ಲಿ ಸಾಮಾನ್ಯವಾಗಿ ಸಿಗುವುದು ಒಂದು ಗಂಟೆ: ಕೋಟೆ, ಫೋಟೋ, ಚಹಾ, ಮತ್ತೆ ಬಸ್ಸು. ನಮ್ಮ ಕೋರಿಕೆ ಎರಡೇ. ಹೋಗುವುದನ್ನು ಸಂತೆಯ ದಿನಕ್ಕೆ ಇಟ್ಟುಕೊಳ್ಳಿ, ಬೆಳಗಿನಿಂದ ಮಧ್ಯಾಹ್ನ ಕಳೆಯುವವರೆಗೆ ಅಲ್ಲೇ ಇರಿ. ಕೋಟೆಯಿಂದ ಶುರುಮಾಡದೆ, ಕೋಟೆಯ ಮುಂದಿನ ಚೌಕದಿಂದ ಶುರುಮಾಡಿ. ಲಡ್ಲೋಗೆ ಕೋಟೆ ಹುಟ್ಟು ಕೊಟ್ಟಿತು ನಿಜ. ಒಂಬತ್ತು ಶತಮಾನ ಅನ್ನ ಕೊಟ್ಟಿದ್ದು ಸಂತೆ. ಅದನ್ನು ಬಿಟ್ಟು ಊರು ನೋಡಿದರೆ ಅರ್ಧವೂ ನೋಡಿದಂತಲ್ಲ.

ವಾರದ ಸಂತೆ ಸೋಮವಾರ, ಬುಧವಾರ, ಶುಕ್ರವಾರ, ಶನಿವಾರ. ಇವುಗಳಲ್ಲದೆ ಕೆಲವು ಗುರುವಾರ ಸುತ್ತಲಿನ ರೈತರ, ತಿನಿಸು ತಯಾರಕರ ಸಂತೆಯೂ ಕೆಲವು ಭಾನುವಾರ ಹಳೆಯ ಸಾಮಾನಿನ ಸಂತೆಯೂ ನಡೆಯುತ್ತವೆ. ಹಬ್ಬಗಳ ಸಮಯದಲ್ಲಿ ದಿನ ಬದಲಾಗುವುದುಂಟು, ಆದ್ದರಿಂದ ಬಸ್ಸು ಗೊತ್ತುಮಾಡುವ ಮೊದಲು ಪಟ್ಟಣ ಮಂಡಳಿಯ ಪ್ರಕಟಣೆ ನೋಡಿಕೊಳ್ಳಿ. ಬೆಳಿಗ್ಗೆ ಹತ್ತರೊಳಗೆ ತಲುಪುವುದು ಒಳ್ಳೆಯದು. ಮಳೆ ಬಂದರೆ, ಗಾಳಿ ಎದ್ದರೆ ವ್ಯಾಪಾರಿಗಳು ಮಧ್ಯಾಹ್ನಕ್ಕೇ ಗಂಟುಮೂಟೆ ಕಟ್ಟುತ್ತಾರೆ. ದಿಬ್ಬದ ಮೇಲಿನ ಬಯಲು ಚೌಕ ಅದು, ಡೇರೆಯ ಬಟ್ಟೆಗೆ ಗಾಳಿ ಹೊಕ್ಕರೆ ಕಾಲಿಗೆ ಎಷ್ಟು ಭಾರ ಕಟ್ಟಿದರೂ ಸಾಲದು.

ಈಗ ಚೌಕಕ್ಕೆ ಬನ್ನಿ. ಕೋಟೆಯ ಬಾಗಿಲಿಗೆ ಬೆನ್ನು ಮಾಡಿ ನಿಂತರೆ ಎದುರಿಗೆ ಕ್ಯಾಸಲ್ ಸ್ಕ್ವೇರ್. 11ನೆಯ ಶತಮಾನದ ಕೊನೆಯ ಹೊತ್ತಿಗೆ ಫ್ರಾನ್ಸಿನಿಂದ ಬಂದು ಇಂಗ್ಲೆಂಡ್ ಗೆದ್ದ ನಾರ್ಮನ್ನರ ದ ಲೇಸಿ ಮನೆತನ ಇಲ್ಲಿ ಕೋಟೆ ಕಟ್ಟಿತು. ಆಮೇಲೆ ದಿಬ್ಬದ ನೆತ್ತಿಯ ಗುಂಟ, ಕೋಟೆಯ ಬಾಗಿಲಿನಿಂದ ಪೂರ್ವದ ಬುಲ್ ರಿಂಗ್‌ವರೆಗೆ, ಒಂದೇ ಉದ್ದನೆಯ ಅಗಲವಾದ ಸಂತೆಬೀದಿ ಹಾಕಿದರು. ಇಂದು ಅಲ್ಲಿ ನಡೆದರೆ ಆ ಅಗಲ ಕಾಣುವುದಿಲ್ಲ. ಚೌಕ ದಾಟಿದ ಕೂಡಲೇ ಬೀದಿ ಒಡೆದು ಹೈ ಸ್ಟ್ರೀಟ್, ಹಾರ್ಪ್ ಲೇನ್, ಚರ್ಚ್ ಸ್ಟ್ರೀಟ್ ಎಂಬ ಇಕ್ಕಟ್ಟಿನ ಓಣಿಗಳಾಗುತ್ತದೆ. ಓಣಿಗಳ ನಡುವಿನ ಕಟ್ಟಡಗಳೆಲ್ಲ ನಿಂತಿರುವುದು ಹಳೆಯ ಸಂತೆಬೀದಿಯ ಮೇಲೆಯೇ.

ಇದು ಆದದ್ದು ಹೇಗೆಂದು ಗುಂಪಿನವರಿಗೆ ಅಲ್ಲೇ ನಿಂತು ವಿವರಿಸಿ. ಮೊದಲು ಮರದ ಕಾಲುಗಳ ಮೇಲೆ ಹಲಗೆ ಹಾಸಿದ ಅಂಗಡಿ, ಸಂಜೆಗೆ ಬಿಚ್ಚಿ ಒಯ್ಯುವಂಥದ್ದು. ಆಮೇಲೆ ರಾತ್ರಿಯೂ ಅಲ್ಲೇ ಬಿಡುವುದು. ಬಿಟ್ಟ ಸಾಮಾನಿಗೆ ಮಾಡು, ಮಾಡಿಗೆ ಗೋಡೆ, ಗೋಡೆಯ ಮೇಲೆ ಮಲಗುವ ಕೋಣೆ. ಊರಿನ ಒಡೆಯರು ತಡೆಯಲಿಲ್ಲ, ಏಕೆಂದರೆ ದಿನದ ಸುಂಕಕ್ಕಿಂತ ವರ್ಷದ ಬಾಡಿಗೆ ಖಾತರಿಯ ಆದಾಯ. ನಡುಸಾಲಿನ ಕಟ್ಟಡಗಳನ್ನು ಗುರುತಿಸುವುದು ಸುಲಭ: ಅವಕ್ಕೆ ಹಿತ್ತಿಲಿಲ್ಲ. ನೆಲವಿದ್ದಷ್ಟೂ ಕಟ್ಟಡ, ಮುಂದೂ ಬೀದಿ, ಹಿಂದೂ ಬೀದಿ. ಹತ್ತಿರದ ಬ್ರಾಡ್ ಸ್ಟ್ರೀಟಿನ ಮನೆಗಳಿಗೆ ಉದ್ದನೆಯ ಹಿತ್ತಿಲುಗಳಿವೆ. ಈ ಒಂದು ವ್ಯತ್ಯಾಸ ಹಿಡಿದುಕೊಂಡರೆ ಊರಿನ ನಕ್ಷೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಮೊಣಕಾಲು ಗಟ್ಟಿ ಇರುವವರು ಇದೇ ನಕ್ಷೆಯನ್ನು ಸೇಂಟ್ ಲಾರೆನ್ಸ್ ಚರ್ಚಿನ ಗೋಪುರದಿಂದ ನೋಡಲಿ. ಎತ್ತರ 135 ಅಡಿ, ಮೆಟ್ಟಿಲು ಸುಮಾರು 200, ಸುರುಳಿಯಾಗಿ ಏರುವ ಕಿರಿದಾದ ದಾರಿ. ಬೆನ್ನಿನ ಚೀಲ ಕೆಳಗೇ ಬಿಡುವುದು ವಾಸಿ. ಮೇಲಿನಿಂದ ಸಂತೆಬೀದಿಯ ಮೂಲ ಅಂಚುಗಳೂ ನಡುವೆ ತುಂಬಿಕೊಂಡ ಸಾಲುಗಳೂ ಚೆನ್ನಾಗಿ ಕಾಣುತ್ತವೆ.

ಬ್ರಾಡ್ ಸ್ಟ್ರೀಟಿನಲ್ಲಿ ಇನ್ನೊಂದು ಕೆಲಸ ಮಾಡಿಸಿ. ಇಲ್ಲಿನ ನಿವೇಶನಗಳನ್ನು 12ನೆಯ ಶತಮಾನದ ಸುಮಾರಿಗೆ ಅಳೆದದ್ದು ಪರ್ಚ್ ಎಂಬ ಅಳತೆಕೋಲಿನಲ್ಲಿ. ಒಂದು ಪರ್ಚ್ ಎಂದರೆ ಹದಿನಾರೂವರೆ ಅಡಿ. ನಿವೇಶನದ ಮುಂಭಾಗದ ಅಳತೆ ಎರಡು ಪರ್ಚ್, ಅಂದರೆ 33 ಅಡಿ. ದೊಡ್ಡವರ ಹೆಜ್ಜೆಯಲ್ಲಿ ಹದಿಮೂರು. ಬೀದಿಯ ಗುಂಟ ಹೆಜ್ಜೆ ಹಾಕಿ ಎಣಿಸಿದರೆ ಕೆಲವು ಮನೆಗಳು ಸರಿಯಾಗಿ ಹದಿಮೂರಕ್ಕೆ ಮುಗಿಯುತ್ತವೆ. ಕೆಲವು ಆರೂವರೆಗೆ, ಅಂದರೆ ನಿವೇಶನ ಇಬ್ಬರಿಗೆ ಹಂಚಿಹೋಗಿದೆ. ಕೆಲವು ಇಪ್ಪತ್ತರ ಹತ್ತಿರ, ಅಂದರೆ ಪಕ್ಕದ ಅರ್ಧವನ್ನೂ ಕೊಂಡು ಸೇರಿಸಿದ್ದಾರೆ. ಮನೆಗಳು ಎಷ್ಟೋ ಸಲ ಬಿದ್ದು ಎದ್ದಿದ್ದರೂ ಗಡಿರೇಖೆ ಮಾತ್ರ ಕದಲಿಲ್ಲ. ಮಕ್ಕಳಿದ್ದರೆ ಅವರ ಕೈಗೆ ಒಂದು ಟೇಪು ಕೊಡಿ, ಆ ಬೀದಿಯನ್ನು ಅವರು ಮರೆಯುವುದಿಲ್ಲ.

ಮನೆಗಳ ಇಟ್ಟಿಗೆಯ ಮುಖ ನೋಡಿ 18ನೆಯ ಶತಮಾನದವು ಎಂದುಕೊಳ್ಳಬೇಡಿ. ಆ ಕಾಲದಲ್ಲಿ ಸುತ್ತಲಿನ ಜಮೀನುದಾರರು ಚಳಿಗಾಲ ಕಳೆಯಲು ಲಡ್ಲೋಗೆ ಬರುತ್ತಿದ್ದರು, ಮರದ ಚೌಕಟ್ಟಿನ ಹಳೆಯ ಮನೆಗೆ ಹೊಸ ಇಟ್ಟಿಗೆ ಗೋಡೆ ಮುಂದೆ ಎಬ್ಬಿಸಿ ಕಿಟಕಿ ಸಾಲು ಸರಿಮಾಡಿಸುತ್ತಿದ್ದರು. ಪಕ್ಕದ ಓಣಿಗೆ ಹೊಕ್ಕು ಗೋಡೆಯ ಮಗ್ಗುಲು ನೋಡಿದರೆ ತೊಲೆಗಳು ಕಾಣುತ್ತವೆ. ಮುಂಭಾಗ ಎತ್ತರವಿದ್ದು ಹಿಂದಿನ ಮಾಡು ಕಡಿದಾಗಿ ಇಳಿದಿದ್ದರೆ ಒಳಗೆ ಹಳೆಯ ಮನೆ ಇದೆಯೆಂದೇ ಲೆಕ್ಕ. ಮುಚ್ಚದೆ ಉಳಿದ ಮರದ ಮುಖ ಬೇಕೆಂದರೆ ಬುಲ್ ರಿಂಗಿನ ಫೆದರ್ಸ್ ಹೋಟೆಲು ಇದೆ, 1619ರದು.

ಬ್ರಾಡ್ ಸ್ಟ್ರೀಟಿನ ಮೇಲ್ತುದಿಯಲ್ಲಿ ಬಟರ್‌ಕ್ರಾಸ್. 1740ರ ದಶಕದ ಕಲ್ಲಿನ ಕಟ್ಟಡ. ಕೆಳಗೆ ಕಂಬಗಳ ನಡುವೆ ತೆರೆದ ನೆಲ, ಬೆಣ್ಣೆ ಮಾರುವವರು ಬಿಸಿಲು ತಾಗದಂತೆ ಕೂರಲು. ಮೀನಿಗೆ ಫಿಶ್ ಸ್ಟ್ರೀಟ್, ಎತ್ತು ದನಗಳಿಗೆ ಬುಲ್ ರಿಂಗ್. ಒಂದೊಂದು ಸರಕಿಗೆ ಒಂದೊಂದು ಜಾಗ ಗೊತ್ತುಮಾಡಿದ್ದರ ಹಿಂದೆ ಅಚ್ಚುಕಟ್ಟಿನ ಜೊತೆಗೆ ತಪಾಸಣೆಯ ಅನುಕೂಲವೂ ಇತ್ತು. ಒಂದೇ ಕಡೆ ಕೂತವರ ಬೆಲೆ, ತೂಕ ಹೋಲಿಸುವುದು ಅಧಿಕಾರಿಗೂ ಸುಲಭ, ಕೊಳ್ಳುವವರಿಗೂ ಸುಲಭ.

ಅಳತೆಯ ವಿಷಯದಲ್ಲಿ ಇಂಗ್ಲೆಂಡಿನ ಸಂತೆಗಳು ಎಷ್ಟು ಬಿಗಿಯಾಗಿದ್ದವು ಎಂಬುದಕ್ಕೆ ಸಾಕ್ಷಿ ಚರ್ಚಿನೊಳಗೇ ಇದೆ. ಗಾಯಕರ ಅಂಕಣದಲ್ಲಿ 15ನೆಯ ಶತಮಾನದ 28 ಮಡಚುವ ಆಸನಗಳಿವೆ. ಗಂಟೆಗಟ್ಟಲೆ ನಿಂತು ಪ್ರಾರ್ಥಿಸುವವರು ಆಸನವನ್ನು ಮೇಲೆತ್ತಿದರೆ ಅದರ ಅಡಿಯ ಪುಟ್ಟ ಚಾಚು ಒರಗಲು ಸಿಗುತ್ತದೆ, ಆ ಚಾಚಿನ ಕೆಳಗೆ ಕೆತ್ತನೆ. ಒಂದರಲ್ಲಿ ಬಿಯರು ಮಾರುವ ಹೆಂಗಸನ್ನು ದೆವ್ವ ಹೆಗಲಿಗೆ ಹಾಕಿಕೊಂಡು ನರಕದ ಬಾಯಿಗೆ ಒಯ್ಯುತ್ತಿದೆ. ಅವಳ ಕೈಯಲ್ಲಿ ಮೋಸದ ಅಳತೆಯ ಪಾತ್ರೆ ಇನ್ನೂ ಹಾಗೇ ಇದೆ. ಆಗಿನ ಕಾನೂನು ಬ್ರೆಡ್ಡಿಗೂ ಬಿಯರಿಗೂ ಅಳತೆ ಕಟ್ಟಿತ್ತು. ಬ್ರೆಡ್ಡಿನ ಬೆಲೆ ಸ್ಥಿರ, ತೂಕ ಬದಲಾಗುವಂಥದ್ದು: ಗೋಧಿ ತುಟ್ಟಿಯಾದರೆ ಅದೇ ಕಾಸಿಗೆ ಸಣ್ಣ ಬ್ರೆಡ್ಡು, ಅಗ್ಗವಾದರೆ ದೊಡ್ಡದು. ಎಷ್ಟಕ್ಕೆ ಎಷ್ಟು ಎಂಬ ಪಟ್ಟಿ ಇತ್ತು, ತಪ್ಪಿದವರಿಗೆ ದಂಡ ಇತ್ತು. ಆ ಕೆತ್ತನೆ ನೋಡದೆ ಚರ್ಚಿನಿಂದ ಹೊರಬರಬೇಡಿ.

ಸಂತೆಯ ಹಕ್ಕಿಗೆ ಇನ್ನೊಂದು ಲೆಕ್ಕವಿದೆ, ಇಂಗ್ಲೆಂಡಿನ ಭೂಪಟವನ್ನೇ ಅರ್ಥ ಮಾಡಿಸುವಂಥದ್ದು. 13ನೆಯ ಶತಮಾನದ ಕಾನೂನು ಪಂಡಿತರು ಹೇಳಿದ ಪ್ರಕಾರ ಒಂದು ದಿನದ ನಡಿಗೆ 20 ಮೈಲಿ. ಅದನ್ನು ಮೂರು ಪಾಲು ಮಾಡಿದರೆ ಹೋಗಲು ಒಂದು, ವ್ಯಾಪಾರಕ್ಕೆ ಒಂದು, ಕತ್ತಲಾಗುವ ಮುಂಚೆ ಮನೆ ಸೇರಲು ಒಂದು. ಹೀಗೆ ಒಂದು ಪಾಲಿಗೆ ಆರು ಪೂರ್ಣ ಮೂರನೇ ಎರಡು ಮೈಲಿ. ಅಷ್ಟರೊಳಗೆ ಮತ್ತೊಬ್ಬರು ಸಂತೆ ಹೂಡಿದರೆ ಮೊದಲಿನವರಿಗೆ ತಡೆಯುವ ಹಕ್ಕು. ಸನ್ನದಿನ ಹಕ್ಕುಳ್ಳ ಸಂತೆಗಳಿಗೆ ಈ ದೂರ ಇಂದಿಗೂ ಕಾನೂನಿನಲ್ಲಿ ಉಳಿದಿದೆ. ಲಡ್ಲೋದಿಂದ ಲೆಮ್‌ಸ್ಟರ್, ಕ್ಲಿಬರಿ ಮಾರ್ಟಿಮರ್ ಎಂಬ ಸಂತೆಯೂರುಗಳು ಎಷ್ಟು ದೂರವೆಂದು ನಕ್ಷೆಯಲ್ಲಿ ಅಳೆದು ನೋಡಿ. ಎರಡೂ ಆ ಗೆರೆಯ ಆಚೆಗಿವೆ. ಲಡ್ಲೋಗೆ ಸ್ವಂತ ಆಡಳಿತ ಕೊಟ್ಟ ದೊಡ್ಡ ಸನ್ನದು ನಾಲ್ಕನೆಯ ಎಡ್ವರ್ಡ್ ದೊರೆಯದು, 1461ರದು.

ಹಣ ಬಂದದ್ದು ಮುಖ್ಯವಾಗಿ ಉಣ್ಣೆಯಿಂದ. ಲಡ್ಲೋದ ಲಾರೆನ್ಸ್ ಎಂಬ ವರ್ತಕ 13ನೆಯ ಶತಮಾನದ ಕೊನೆಯಲ್ಲಿ ದೊರೆಗೇ ಸಾಲ ಕೊಡುವಷ್ಟು ಬೆಳೆದಿದ್ದ. ಊರಿನಿಂದ ಸುಮಾರು ಏಳೆಂಟು ಮೈಲಿ ದೂರದ ಸ್ಟೋಕ್‌ಸೇಯಲ್ಲಿ ಅವನು ಕಟ್ಟಿಸಿದ ಕೋಟೆಮನೆ ಈಗಲೂ ನಿಂತಿದೆ, ಸಮಯವಿದ್ದರೆ ಅದನ್ನೂ ಸೇರಿಸಿಕೊಳ್ಳಿ. ಉಣ್ಣೆಯ ಲೆಕ್ಕ ಮೂಟೆಯಲ್ಲಿ: ಒಂದು ಮೂಟೆ 364 ಪೌಂಡು, ನಮ್ಮ ಲೆಕ್ಕದಲ್ಲಿ ಸುಮಾರು 165 ಕಿಲೋ, ಇನ್ನೂರಕ್ಕೂ ಹೆಚ್ಚು ಕುರಿಗಳ ಉಣ್ಣೆ. ಹೊರದೇಶಕ್ಕೆ ಹೋಗುವ ಮೂಟೆಯ ಮೇಲೆ ಆರು ಶಿಲ್ಲಿಂಗ್ ಎಂಟು ಪೆನ್ಸ್ ಇದ್ದ ಸುಂಕ 1294ರಲ್ಲಿ 40 ಶಿಲ್ಲಿಂಗಿಗೆ ಹಾರಿತು. ಇದರಲ್ಲಿ ಲಾರೆನ್ಸನ ಕೈ ಇತ್ತೆಂದು ಆ ಕಾಲದ ವೃತ್ತಾಂತಕಾರರು ಬರೆದಿದ್ದಾರೆ. ವರ್ತಕರು ಸುಂಕದ ಭಾರವನ್ನು ಕುರಿ ಸಾಕುವವರ ಮೇಲೆ ಇಳಿಸಿದರು, ಅಂದರೆ ಉಣ್ಣೆಗೆ ಕೊಡುವ ಬೆಲೆಯನ್ನೇ ಕಡಿಮೆ ಮಾಡಿದರು. ಅದೇ ವರ್ಷದ ನವೆಂಬರಿನಲ್ಲಿ ಉಣ್ಣೆ ತುಂಬಿ ಹಾಲೆಂಡಿಗೆ ಹೊರಟ ಹಡಗು ಮುಳುಗಿ ಲಾರೆನ್ಸ್ ಸತ್ತ. ಉಣ್ಣೆಯವರಿಗೆ ಮಾಡಿದ ಅನ್ಯಾಯಕ್ಕೆ ಉಣ್ಣೆಯ ಹಡಗಿನಲ್ಲೇ ಶಿಕ್ಷೆಯಾಯಿತು ಎಂಬ ಧಾಟಿಯಲ್ಲಿ ಆಗ ಬರೆದವರಿದ್ದಾರೆ. ಆ ಸಿಟ್ಟು ನಮಗೆ ಅರ್ಥವಾಗುತ್ತದೆ.

ನದಿಗೆ ಇಳಿದರೆ ಟೀಮ್‌ಗೆ ಅಡ್ಡವಾಗಿ ಹಾಕಿದ ಕಲ್ಲಿನ ಒಡ್ಡುಗಳಿವೆ. ಚೆಂದಕ್ಕೆ ಕಟ್ಟಿದವಲ್ಲ ಇವು. ನೀರು ಎತ್ತರಿಸಿ ಗಿರಣಿಗೆ ತಿರುಗಿಸಲು ಕಟ್ಟಿದವು. ಕಾಳು ಬೀಸುವುದರ ಜೊತೆಗೆ ಇಲ್ಲಿ ಬಟ್ಟೆ ಕುಟ್ಟುವ ಗಿರಣಿಗಳೂ ಇದ್ದವು. ಮಗ್ಗದಿಂದ ಬಂದ ಉಣ್ಣೆಬಟ್ಟೆ ಜಾಳಾಗಿ, ಎಣ್ಣೆ ಜಿಡ್ಡಿನಿಂದ ಕೂಡಿರುತ್ತದೆ. ಅದನ್ನು ಜಿಡ್ಡು ಹೀರುವ ಜೇಡಿಮಣ್ಣಿನ ಜೊತೆ ನೀರಿನ ತೊಟ್ಟಿಗೆ ಹಾಕಿ, ನೀರಚಕ್ರ ಎತ್ತಿಬಿಡುವ ಮರದ ಕೊಡತಿಗಳಿಂದ ಗಂಟೆಗಟ್ಟಲೆ ಕುಟ್ಟುತ್ತಾರೆ. ಎಳೆಗಳು ಹೆಣೆದುಕೊಂಡು ಬಟ್ಟೆ ಕುಗ್ಗಿ ದಪ್ಪವಾಗುತ್ತದೆ. ಕುಟ್ಟುವುದು ಹೆಚ್ಚಾದರೆ ಗಟ್ಟಿ ಹಲಗೆಯಂತಾಗಿ ಮಾರಾಟಕ್ಕೆ ಬಾರದು, ಕಡಿಮೆಯಾದರೆ ಮಳೆ ತಡೆಯದು. ಆಮೇಲೆ ಕೊಕ್ಕೆಗಳಿರುವ ಉದ್ದನೆಯ ಚೌಕಟ್ಟಿಗೆ ಸಿಕ್ಕಿಸಿ ಬಿಗಿಯಾಗಿ ಎಳೆದು ಒಣಗಿಸುವುದು, ಇಲ್ಲವಾದರೆ ಅಗಲ ಒಂದೇ ಸಮ ಬರುವುದಿಲ್ಲ. ಬಟ್ಟೆಯ ವ್ಯಾಪಾರ ಇಳಿದ ಮೇಲೆ ಊರು ಕೈಗವಸು ಹೊಲಿಯಿತು. 1826ರಲ್ಲಿ ವಿದೇಶಿ ಕೈಗವಸಿನ ಮೇಲಿದ್ದ ನಿಷೇಧ ತೆಗೆದ ಮೇಲೆ ಅದೂ ಕುಸಿಯಿತು.

ಗೋಡೆಯ ವಿಷಯ ಸ್ವಲ್ಪ ದೀರ್ಘವಾಗಿ ಹೇಳಲೇಬೇಕು. 1233ರಿಂದ ಊರಿನ ಸುತ್ತ ಗೋಡೆ ಎದ್ದಿತು. ಏಳು ಬಾಗಿಲುಗಳಿದ್ದವು, ಇಂದು ಪೂರ್ತಿಯಾಗಿ ನಿಂತಿರುವುದು ಬ್ರಾಡ್ ಗೇಟ್ ಒಂದೇ. ಗೋಡೆಯ ಸಾಕಷ್ಟು ಭಾಗ ಇನ್ನೂ ಇದೆ. ಅದರಲ್ಲಿ ಸೇಂಟ್ ಲಾರೆನ್ಸ್ ಚರ್ಚಿನ ಹಿಂದಿನ ಒಂದು ಭಾಗ 2013ರ ಫೆಬ್ರವರಿಯಲ್ಲಿ ಕುಸಿಯಿತು. ಹತ್ತು ವರ್ಷ ಕಳೆದರೂ ಅದು ಕುಸಿದ ಸ್ಥಿತಿಯಲ್ಲೇ ಇತ್ತು. ಬಂದವರು ತಡೆಬೇಲಿ ನೋಡಿ ಯಾರಿಗೂ ಕಾಳಜಿಯಿಲ್ಲ ಎಂದು ಹೇಳಿಹೋಗುವುದು ಸಲ್ಲದು. ಕೆಲಸ ನಿಜಕ್ಕೂ ಕಷ್ಟದ್ದು.

ಇಂಥ ಗೋಡೆಗೆ ಎರಡು ಮುಖ ಮಾತ್ರ ಜೋಡಿಸಿದ ಕಲ್ಲು. ನಡುವೆ ಕಲ್ಲುಚೂರು, ಮಣ್ಣು, ಸುಣ್ಣದ ಗಾರೆಯ ತುಂಬುವಿಕೆ. ದಿಬ್ಬದ ಅಂಚಿನಲ್ಲಿ ಒಳಗಡೆಯ ನೆಲ ಎತ್ತರ, ಹೊರಗಡೆ ತಗ್ಗು, ಹಾಗಾಗಿ ಗೋಡೆ ಮಣ್ಣಿನ ಒತ್ತಡವನ್ನೂ ಹೊರಬೇಕು. ಮಳೆ ಹೆಚ್ಚಾದಾಗ ನೆನೆದ ಮಣ್ಣಿನ ಭಾರ ಏರುತ್ತದೆ. ನೀರು ಹೊರಹೋಗಲು ಕಂಡಿ ಇದ್ದರೆ ಸರಿ, ಅದು ಮುಚ್ಚಿಹೋಗಿದ್ದರೆ ಒತ್ತಡವೆಲ್ಲ ಗೋಡೆಗೆ. ಹಳೆಯ ಸುಣ್ಣದ ಗಾರೆ ನೀರನ್ನು ಹೀರಿ ಮತ್ತೆ ಆವಿಯಾಗಿ ಬಿಡುತ್ತದೆ. ಸಂದುಗಳಿಗೆ ಸಿಮೆಂಟು ಮೆತ್ತಿದರೆ ಆ ದಾರಿ ಬಂದ್. ನೀರು ಕಲ್ಲಿನ ಮೂಲಕವೇ ಹೊರಬರಬೇಕಾಗುತ್ತದೆ, ಹಿಮ ಬಿದ್ದಾಗ ಅದು ಹೆಪ್ಪುಗಟ್ಟಿ ಹಿಗ್ಗಿ ಕಲ್ಲಿನ ಮುಖವನ್ನೇ ಸಿಡಿಸುತ್ತದೆ. ಒಳಗಿನ ತುಂಬುವಿಕೆ ತೊಳೆದುಹೋಗಿ ಕೆಳಗೆ ಕೂತರೆ ಗೋಡೆಯ ಹೊಟ್ಟೆ ಮುಂದಕ್ಕೆ ಬರುತ್ತದೆ. ಹೊಟ್ಟೆ ಬಂದ ಗೋಡೆಯ ಕೆಳಗೆ ಯಾರೂ ನಿಲ್ಲಬಾರದು. ಬಳ್ಳಿ, ಮರದ ಬೇರು ಸಂದಿಗೆ ಹೊಕ್ಕರೆ ಇನ್ನೂ ಬೇಗ.

ಮತ್ತೆ ಕಟ್ಟುವುದೂ ಸರಳವಲ್ಲ. ಅದು ಸಂರಕ್ಷಿತ ಸ್ಮಾರಕ, ಕಲ್ಲು ಎತ್ತಿಡಲೂ ಅನುಮತಿ ಬೇಕು. ಹಿಂದೆ ಇರುವುದು ಚರ್ಚಿನ ಸ್ಮಶಾನದ ನೆಲ, ಅಗೆದರೆ ಅಸ್ಥಿಗಳು ಸಿಗುತ್ತವೆ, ಅದಕ್ಕೆ ಬೇರೆ ಅನುಮತಿ, ಪುರಾತತ್ವದವರ ಹಾಜರಿ. ಗಾರೆ ಸುಣ್ಣದ್ದೇ ಆಗಬೇಕು, ಸಾಮಾನ್ಯವಾಗಿ ಒಂದು ಪಾಲು ಸುಣ್ಣಕ್ಕೆ ಸುಮಾರು ಮೂರು ಪಾಲು ಗರಸು ಮರಳು. ಉಷ್ಣತೆ ಐದು ಡಿಗ್ರಿಗಿಂತ ಕೆಳಗಿಳಿದರೆ ಸುಣ್ಣ ಕೂಡಿಕೊಳ್ಳುವುದಿಲ್ಲ, ಹಿಮಕ್ಕೆ ಪುಡಿಯಾಗುತ್ತದೆ. ಹಾಗಾಗಿ ಏಪ್ರಿಲಿನಿಂದ ಸೆಪ್ಟೆಂಬರಿನವರೆಗಿನ ತಿಂಗಳುಗಳೇ ಕೆಲಸಕ್ಕೆ. ಬಿಸಿಲು ಹೆಚ್ಚಿದ್ದರೆ ಒದ್ದೆ ಗೋಣಿ ಹೊದಿಸಿ ನಿಧಾನವಾಗಿ ಒಣಗಿಸಬೇಕು. ಇಷ್ಟೆಲ್ಲ ಖರ್ಚನ್ನು ಹತ್ತು ಸಾವಿರ ಜನರ ಊರು ಹೊರುವುದು ಹೇಗೆಂಬ ಪ್ರಶ್ನೆಯಲ್ಲೇ ವರ್ಷಗಳು ಕಳೆದವು. ಚರ್ಚಿನಲ್ಲಿ ಕಾಣಿಕೆ ಡಬ್ಬಿ ಇರುತ್ತದೆ. ತಲೆಗೆ ಐದು ಪೌಂಡಿನಂತೆ ಸಂಘದ ವತಿಯಿಂದಲೇ ಹಾಕುವ ಪದ್ಧತಿ ಮಾಡಿದರೆ ನಮಗೆ ಸಂತೋಷ.

ಇನ್ನು ಕನ್ನಡಿಗರು ತಿಳಿಯಲೇಬೇಕಾದ ನಂಟು. ರಾಬರ್ಟ್ ಕ್ಲೈವ್‌ನ ಮಗ ಎಡ್ವರ್ಡ್ ಕ್ಲೈವ್ 1774ರಿಂದ 1794ರವರೆಗೆ ಪಾರ್ಲಿಮೆಂಟಿನಲ್ಲಿ ಲಡ್ಲೋದ ಪ್ರತಿನಿಧಿ. 1798ರಲ್ಲಿ ಮದರಾಸಿನ ಗವರ್ನರ್ ಆಗಿ ಬಂದ, 1803ರವರೆಗೆ ಇದ್ದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸತ್ತದ್ದು ಇವನ ಅವಧಿಯಲ್ಲೇ. ಹೆಂಡತಿ ಹೆನ್ರಿಯೆಟಾ ಪೋವಿಸ್ ಮನೆತನದ ಮಗಳು. 1800ರಲ್ಲಿ ಇಬ್ಬರು ಹೆಣ್ಣುಮಕ್ಕಳ ಜೊತೆ ಮದರಾಸಿನಿಂದ ಹೊರಟು ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರು ಸುತ್ತಿದಳು. ಟಿಪ್ಪುವಿನ ಚಿತ್ತಾರದ ಡೇರೆಯೂ ಸಿಂಹಾಸನದ ಹುಲಿತಲೆಗಳಲ್ಲಿ ಒಂದೂ ಈ ಮನೆತನದ ಮೂಲಕವೇ ಪೋವಿಸ್ ಸೇರಿದವು. ಎಡ್ವರ್ಡ್ 1804ರಲ್ಲಿ ಪೋವಿಸ್‌ನ ಅರ್ಲ್ ಆದ, 1811ರಲ್ಲಿ ಪಾಳುಬಿದ್ದ ಲಡ್ಲೋ ಕೋಟೆಯನ್ನು ರಾಜಮನೆತನದಿಂದ ಕೊಂಡ. ಕೋಟೆ ಇಂದಿಗೂ ಪೋವಿಸ್ ಎಸ್ಟೇಟಿನದೇ.

ಆದ್ದರಿಂದ ನಿಮ್ಮ ಮಾರ್ಗದರ್ಶಕರು ಲಡ್ಲೋ ಕೋಟೆಯಲ್ಲಿ ಸಾಮಾನ್ಯವಾಗಿ ಹೇಳುವ ಕಥೆಗೆ, ಅಂದರೆ 1502ರ ಏಪ್ರಿಲ್ 2ರಂದು ಯುವರಾಜ ಆರ್ಥರ್ ಇಲ್ಲಿ ಸತ್ತು ತಮ್ಮ ಹೆನ್ರಿಗೆ ಪಟ್ಟದ ದಾರಿ ತೆರೆದ ಕಥೆಗೆ, ಇದನ್ನೂ ಸೇರಿಸಲಿ. ಶ್ರೀರಂಗಪಟ್ಟಣದ ಕೊಳ್ಳೆ ಯಾರ ಮನೆಗೆ ಹೋಯಿತು, ಆ ಮನೆ ಯಾವ ಊರಿನ ಮತಗಳ ಮೇಲೆ ನಿಂತಿತ್ತು ಎಂಬುದು ಪೋವಿಸ್‌ನ ಗಾಜಿನ ಪೆಟ್ಟಿಗೆಯ ಮುಂದೆ ನಿಂತಾಗಷ್ಟೇ ಹೇಳುವ ಮಾತಲ್ಲ. ಪೋವಿಸ್ ಇರುವುದು ವೆಲ್ಷ್‌ಪೂಲ್ ಬಳಿ, ಲಡ್ಲೋದಿಂದ ಕಾರಿನಲ್ಲಿ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು. ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ. ಹಳೆಯ ಬಟ್ಟೆಗಳನ್ನು ಬೆಳಕಿನಿಂದ ಕಾಪಾಡಲು ಒಳಗಿಡುವುದುಂಟು, ಡೇರೆ ಪ್ರದರ್ಶನದಲ್ಲಿದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಹೋಗಿಬರುವ ಬಗ್ಗೆ ಕೆಲವು ಮಾತು. ರೈಲಿನಲ್ಲಿ ಹೆರಫರ್ಡ್ ಮತ್ತು ಶ್ರೂಸ್‌ಬರಿ ನಡುವಿನ ದಾರಿಯಲ್ಲೇ ಲಡ್ಲೋ ನಿಲ್ದಾಣ, ಚೌಕಕ್ಕೆ ಹತ್ತು ಹದಿನೈದು ನಿಮಿಷದ ಏರುದಾರಿ. ಕಾರಿನವರು ಚೌಕದ ಸುತ್ತ ಜಾಗ ಹುಡುಕುತ್ತ ಸಮಯ ಕಳೆಯದೆ ಎ49 ಪಕ್ಕದ ಪಾರ್ಕ್ ಅಂಡ್ ರೈಡ್ (ಕಾರು ನಿಲ್ಲಿಸಿ ಬಸ್ಸಿನಲ್ಲಿ ಊರಿಗೆ ಬರುವ ಜಾಗ) ಬಳಸಲಿ. ಬ್ರಾಡ್ ಸ್ಟ್ರೀಟ್ ನದಿಯ ಕಡೆಗೆ ಕಡಿದಾಗಿ ಇಳಿಯುತ್ತದೆ, ಇಳಿದಷ್ಟೂ ಮತ್ತೆ ಏರಬೇಕು. ಮಂಡಿನೋವಿನ ಹಿರಿಯರನ್ನು ಬಟರ್‌ಕ್ರಾಸ್ ಬಳಿಯೇ ಕೂರಿಸಿ. ಸೆಪ್ಟೆಂಬರಿನಲ್ಲಿ ಕೋಟೆಯ ಅಂಗಳದಲ್ಲಿ 1995ರಿಂದ ನಡೆದುಬಂದ ಆಹಾರ ಉತ್ಸವವಿದೆ. ಆ ದಿನಗಳಲ್ಲಿ ಊರಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಮೊದಲ ಸಲ ಹೋಗುವವರು ಬೇರೆ ವಾರ ಆರಿಸಿಕೊಳ್ಳುವುದು ಲೇಸು.

ಸಸ್ಯಾಹಾರಿಗಳಿಗೆ ಸಂತೆಯಲ್ಲಿ ಬ್ರೆಡ್ಡು, ಹಣ್ಣು, ಜಾಮು, ಚೀಸು ಸಿಗುತ್ತವೆ. ಚೀಸು ಕೊಳ್ಳುವಾಗ ಹಾಲು ಒಡೆಸಲು ಬಳಸಿದ ರೆನೆಟ್ ಕರುವಿನದೋ ಸಸ್ಯಾಹಾರದ್ದೋ ಕೇಳಿ, ಮಾರುವವರು ಬೇಸರಪಡದೆ ಹೇಳುತ್ತಾರೆ. ಶ್ರಾಪ್‌ಶೈರ್ ಬ್ಲೂ ಎಂಬುದನ್ನು ಊರಿನ ನೆನಪಿಗೆಂದು ಕೊಳ್ಳುವವರಿಗೆ ಒಂದು ಮಾತು: ಅದು ಹುಟ್ಟಿದ್ದು ಸ್ಕಾಟ್ಲೆಂಡಿನಲ್ಲಿ. ಇಲ್ಲಿನದೇ ಬೇಕೆಂದರೆ ಸೆಪ್ಟೆಂಬರಿನ ಹೊತ್ತಿಗೆ ಬರುವ ಡ್ಯಾಮ್ಸನ್ ಎಂಬ ಪ್ಲಮ್ ಜಾತಿಯ ಸಣ್ಣ ಹಣ್ಣು ಕೊಳ್ಳಿ. ಹಸಿಯಾಗಿ ತಿಂದರೆ ಒಗರು, ಹೆಚ್ಚುಕಡಿಮೆ ಸಮತೂಕದ ಸಕ್ಕರೆ ಹಾಕಿ ಕುದಿಸಿದರೆ ಗಟ್ಟಿ ಜಾಮು. ಬೀಜಗಳು ಬೇಯುತ್ತ ಮೇಲೆ ತೇಲುತ್ತವೆ, ಆಗ ತೆಗೆದರೆ ಸಾಕು.

ಕೊನೆಯದಾಗಿ, ಕೊಳ್ಳಿ. 1887ರಲ್ಲಿ ಚೌಕದ ನಡುವೆ ಕಟ್ಟಿದ್ದ ಇಟ್ಟಿಗೆಯ ಮಾರುಕಟ್ಟೆ ಭವನವನ್ನು 1986ರಲ್ಲಿ ಕೆಡವಿದರು, ಸಂತೆ ಮತ್ತೆ ಬಯಲಿಗೆ ಬಂತು. ಬಯಲಿನ ವ್ಯಾಪಾರಿ ಜಾಗದ ಬಾಡಿಗೆ, ಡೀಸೆಲು, ಮಾರದೆ ಉಳಿದ ಸರಕಿನ ನಷ್ಟ ಎಲ್ಲವನ್ನೂ ಆ ದಿನದ ಗಲ್ಲಾದಿಂದಲೇ ತೂಗಿಸಬೇಕು. ಐವತ್ತು ಜನರ ಬಸ್ಸು ಬಂದು ಫೋಟೋ ತೆಗೆದು ಹೋದರೆ ಅವನಿಗೆ ದಾರಿ ಅಡ್ಡವಾದದ್ದಷ್ಟೇ ಲಾಭ. ಮಧ್ಯಾಹ್ನದ ಊಟವನ್ನು ಬಸ್ಸಿನಲ್ಲಿ ಕಟ್ಟಿಕೊಂಡು ಹೋಗದೆ ಸಂತೆಯಲ್ಲೇ ಕೊಳ್ಳುವಂತೆ ಕಾರ್ಯಕ್ರಮ ಹಾಕಿ. ಬಟ್ಟೆಚೀಲ ಒಯ್ಯಲು ಹೇಳಿ, ಚಿಲ್ಲರೆ ಇಟ್ಟುಕೊಳ್ಳಲು ಹೇಳಿ. ಮುಂದಿನ ಬೇಸಿಗೆಯ ಪ್ರವಾಸದ ದಿನಾಂಕ ಗೊತ್ತುಮಾಡುವ ಸಭೆಯಲ್ಲಿ ಈ ಪತ್ರವನ್ನು ಒಮ್ಮೆ ಓದಿ, ದಿನ ಮಂಗಳವಾರಕ್ಕೆ ಬೀಳದಂತೆ ನೋಡಿಕೊಳ್ಳಬೇಕೆಂದು ಕೋರುತ್ತೇವೆ.

ಇಂತಿ,
ಲಡ್ಲೋವನ್ನು ಬಲ್ಲ ಕೆಲವು ಕನ್ನಡಿಗರು